ಆಲ್ಫ್ವೆನ್ ಅಲೆಗಳ ಅರೇಖೀಯ ವರ್ತನೆ

ಆಲ್ಫ್ವೆನ್ ಅಲೆಗಳ ಅರೇಖೀಯ ವರ್ತನೆ: ಕಾಂತಕ್ಷೇತ್ರವಿರುವ ಪ್ಲಾಸ್ಮಾದಲ್ಲಿ (ವಿದ್ಯುದಾವೇಶವುಳ್ಳ ಕಣಗಳ ಅನಿಲದಲ್ಲಿ) ಸಾಗುವ ಅಲೆಯ ಪಾರ (ಏರಿಳಿತದ ಪ್ರಮಾಣ) ಬಹಳ ಹೆಚ್ಚಿದಾಗ ಅದು ಮಾಧ್ಯಮವನ್ನು ಬದಲಿಸಿ, ತಾನೂ ರೂಪ ಬದಲಿಸುವ ವಿದ್ಯಮಾನ. ಈ ಅಲೆಗಳಿರಬೇಕೆಂದು 1942ರಲ್ಲಿ ಸೂಚಿಸಿದವನು ಸ್ವೀಡನ್ನಿನ ಭೌತವಿಜ್ಞಾನಿ ಹಾನೆಸ್ ಆಲ್ಫ್ವೆನ್. ಕಾಂತ-ದ್ರವ ಚಲನವಿಜ್ಞಾನದಲ್ಲಿ ಮಾಡಿದ ಮೂಲಭೂತ ಕೆಲಸಕ್ಕಾಗಿ ಅವನಿಗೆ 1970ರಲ್ಲಿ ನೊಬೆಲ್ ಬಹುಮಾನ ದೊರೆಯಿತು.

ಸ್ವರೂಪ: ಪ್ಲಾಸ್ಮಾದ ಕಣಗಳು ಕಾಂತ ಬಲರೇಖೆಗಳಿಗೆ ಅಂಟಿಕೊಂಡಂತೆ ಚಲಿಸುತ್ತವೆ. ಬಾಗಿದ ಬಲರೇಖೆಯು ಮೀಟಿದ ತಂಬೂರಿ ತಂತಿಯಂತೆ ಬಿಗಿತದಿಂದ ಹಿಂದಕ್ಕೆ ಸೆಳೆಯುವುದರಿಂದ ಅಲೆ ಹುಟ್ಟುತ್ತದೆ. ಕಾಂತಕ್ಷೇತ್ರ ಪ್ರಬಲವಾದಷ್ಟೂ ಅಲೆಯ ವೇಗ ಹೆಚ್ಚು. ಪ್ಲಾಸ್ಮಾ ದಟ್ಟವಾದಷ್ಟೂ ಕಡಿಮೆ. ಸೂರ್ಯನಿಂದ ಹೊರಹರಿಯುವ ಪ್ಲಾಸ್ಮಾವಾದ ಸೌರ ಮಾರುತದಲ್ಲಿ, ಭೂಮಿಯ ಬಳಿ ಈ ವೇಗ ಸೆಕೆಂಡಿಗೆ ಸುಮಾರು 50 ಕಿ.ಮೀ.

ಪಾರ ಚಿಕ್ಕದಾಗಿದ್ದಾಗ ಎರಡು ಅಲೆಗಳು ಒಂದನ್ನೊಂದು ಬಾಧಿಸದೆ ದಾಟಿಹೋಗುತ್ತವೆ. ಸೌರ ಮಾರುತದಲ್ಲಿ ಸ್ಥಿತಿ ಬೇರೆ. ಅಲ್ಲಿನ ಅಲೆಗಳ ಏರಿಳಿತ ಹಿನ್ನೆಲೆಯ ಕಾಂತಕ್ಷೇತ್ರದಷ್ಟೇ ದೊಡ್ಡದಾಗಿರಬಹುದೆಂದು ಮ್ಯಾರಿನರ್-5 ನೌಕೆಯ ಮಾಹಿತಿಯನ್ನು ಆಧರಿಸಿ ಬೆಲ್ಚರ್ ಮತ್ತು ಡೇವಿಸ್ 1971ರಲ್ಲಿ ತೋರಿಸಿದರು.

ಮುಖ್ಯ ಪ್ರಕ್ರಿಯೆಗಳು: ಪ್ಲಾಸ್ಮಾವನ್ನು ಒತ್ತುವ ಕಾಂತಧ್ವನಿ ಅಲೆಗಳಲ್ಲಿ ಉಬ್ಬಿದ ಭಾಗ ಮುಂದಿನ ಭಾಗಕ್ಕಿಂತ ವೇಗವಾಗಿ ಸಾಗಿ, ಮುಂಚೂಣಿ ಕಡಿದಾಗುತ್ತ ಕೊನೆಗೆ ಆಘಾತ ಅಲೆಯಾಗುತ್ತದೆ. ಕಾಂತಕ್ಷೇತ್ರದ ಪ್ರಮಾಣ ಬದಲಾಗದೆ ದಿಕ್ಕು ಮಾತ್ರ ವೃತ್ತಾಕಾರವಾಗಿ ತಿರುಗುವ ಆಲ್ಫ್ವೆನ್ ಅಲೆ ಹೀಗೆ ಕಡಿದಾಗುವುದಿಲ್ಲ. ಎಷ್ಟೇ ದೊಡ್ಡದಾದರೂ ಅದು ಮೂಲ ಸಮೀಕರಣಗಳಿಗೆ ನಿಖರ ಪರಿಹಾರವೇ. ಆದರೂ ಅದು ಶಾಶ್ವತವಲ್ಲ. ಗಲಿಯೆವ್ ಮತ್ತು ಒರಾಯೆವ್‌ಸ್ಕಿ 1963ರಲ್ಲಿ ವಿವರಿಸಿದಂತೆ, ಅದು ಮುಂದಕ್ಕೆ ಸಾಗುವ ಧ್ವನಿ ಅಲೆಯಾಗಿಯೂ ಹಿಂದಕ್ಕೆ ಸಾಗುವ ಆಲ್ಫ್ವೆನ್ ಅಲೆಯಾಗಿಯೂ ಒಡೆಯಬಲ್ಲದು.

ಎದುರುಬದುರಾಗಿ ಬರುವ ಅಲೆಗಳು ಸಂಧಿಸಿದಾಗ ಪ್ರಕ್ಷುಬ್ಧತೆ ಉಂಟಾಗಿ, ಶಕ್ತಿ ದೊಡ್ಡ ಅಲೆಗಳಿಂದ ಚಿಕ್ಕ ಅಲೆಗಳಿಗೆ ಹರಿದು ಕೊನೆಗೆ ಶಾಖವಾಗುತ್ತದೆ. ಇರೋಶ್ನಿಕೊವ್ (1963) ಮತ್ತು ಕ್ರೈಚ್ನನ್ (1965) ಇದರ ಮೊದಲ ಸಿದ್ಧಾಂತಗಳನ್ನು ರೂಪಿಸಿದರು. ಈ ಹರಿವು ಬಲರೇಖೆಗಳ ಉದ್ದಕ್ಕಿಂತ ಅವುಗಳ ಅಡ್ಡಕ್ಕೇ ಪ್ರಬಲವೆಂಬ ಅಂಶವನ್ನು ಕೇಂದ್ರವಾಗಿಟ್ಟುಕೊಂಡು ಪೀಟರ್ ಗೋಲ್ಡ್‌ರೈಕ್ ಮತ್ತು ಎಸ್. ಶ್ರೀಧರ್ 1995ರಲ್ಲಿ ಹೊಸ ಸಿದ್ಧಾಂತ ಮಂಡಿಸಿದರು. ಶ್ರೀಧರ್ ಮುಂದೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದರು.

ವೀಕ್ಷಣೆ ಮತ್ತು ಮಹತ್ತ್ವ: 2018ರಲ್ಲಿ ಉಡಾವಣೆಯಾದ ಪಾರ್ಕರ್ ಸೌರ ನೌಕೆಯು ಸೂರ್ಯನ ಹತ್ತಿರ ಕಾಂತಕ್ಷೇತ್ರ ಥಟ್ಟನೆ ಹಿಂದಿರುಗಿ ಮತ್ತೆ ನೇರವಾಗುವ ತಿರುವುಗಳನ್ನು ಹೇರಳವಾಗಿ ದಾಖಲಿಸಿತು, ಇವುಗಳಲ್ಲಿ ಬಹುಪಾಲು ದೊಡ್ಡ ಪಾರದ ಆಲ್ಫ್ವೆನ್ ಅಲೆಗಳ ಲಕ್ಷಣ ತೋರುತ್ತವೆ. 2021ರ ಏಪ್ರಿಲ್ 28ರಂದು ನೌಕೆ, ಸೌರ ಮಾರುತದ ವೇಗ ಆಲ್ಫ್ವೆನ್ ವೇಗಕ್ಕಿಂತ ಕಡಿಮೆಯಿರುವ ವಲಯವನ್ನು ಮೊದಲ ಬಾರಿ ಪ್ರವೇಶಿಸಿತು. ಭಾರತದ ಆದಿತ್ಯ-ಎಲ್1 ನೌಕೆಯೂ ಭೂಮಿಯಿಂದ ಸುಮಾರು 15 ಲಕ್ಷ ಕಿ.ಮೀ. ದೂರದಲ್ಲಿದ್ದು ಸೌರ ಮಾರುತದ ಕಣಗಳನ್ನೂ ಕಾಂತಕ್ಷೇತ್ರವನ್ನೂ ಅಳೆಯುತ್ತಿದೆ. ಈ ಅಲೆಗಳ ಮಹತ್ತ್ವ ಸೂರ್ಯನ ಕಾವಿನ ಪ್ರಶ್ನೆಯಲ್ಲೂ ಇದೆ. ಸೂರ್ಯನ ಮೇಲ್ಮೈ ಉಷ್ಣತೆ ಸುಮಾರು 5,500 ಡಿಗ್ರಿ ಸೆಲ್ಸಿಯಸ್. ಅದರ ಹೊರಗಿನ ಪ್ರಭಾವಲಯದ್ದು ಹತ್ತು ಲಕ್ಷ ಡಿಗ್ರಿಗೂ ಮಿಗಿಲು. ಈ ಕಾವಿಗೆ ನೀಡಲಾಗಿರುವ ಪ್ರಮುಖ ವಿವರಣೆಗಳಲ್ಲಿ ಆಲ್ಫ್ವೆನ್ ಅಲೆಗಳ ಅರೇಖೀಯ ಕ್ಷಯವೂ ಒಂದು.