ಕೋವಿಡ್ ಟೆಸ್ಟ್ ನೆಗೆಟಿವ್ ಬಂದ ಮೇಲೂ ಕ್ವಾರಂಟೈನ್ ಯಾಕಿತ್ತು?

“ರಿಪೋರ್ಟ್ ನೆಗೆಟಿವ್ ಇದ್ದರೂ ಪ್ರಯಾಣಿಕರನ್ನು ಕೂಡಿಹಾಕಿದ್ದು ಬರೀ ಹೋಟೆಲ್‌ನವರಿಗೆ ದುಡ್ಡು ಮಾಡಿಕೊಡೋಕೆ” ಎಂಬ ಮಾತನ್ನು ನೀವೂ ಕೇಳಿರಬಹುದು. ಇದು ನಿಜವೇ? ನೋಡೋಣ.

ನಿಯಮ ಏನಿತ್ತು?

2020ರ ಮೇ 25ರಂದು ದೇಶದೊಳಗಿನ ವಿಮಾನಗಳು ಮತ್ತೆ ಹಾರಿದಾಗ, ಮಹಾರಾಷ್ಟ್ರ, ತಮಿಳುನಾಡು, ದೆಹಲಿ ಸೇರಿ ಆರು ರಾಜ್ಯಗಳಿಂದ ಕರ್ನಾಟಕಕ್ಕೆ ಬಂದವರಿಗೆ 7 ದಿನ ಸಾಂಸ್ಥಿಕ ಕ್ವಾರಂಟೈನ್, ನಂತರ 7 ದಿನ ಮನೆ ಕ್ವಾರಂಟೈನ್ ಇತ್ತು. ಹೋಟೆಲ್ ಆರಿಸಿಕೊಂಡವರು ಖರ್ಚು ತಾವೇ ಕೊಡಬೇಕಿತ್ತು. ಅದು ಹಲವರಿಗೆ ಹೊರೆಯಾದದ್ದು ನಿಜ. ಆದರೆ ಕ್ವಾರಂಟೈನ್‌ಗೆ ಕಾರಣ ಬೇರೆ.

ಟೆಸ್ಟ್ ಒಂದೇ ಯಾಕೆ ಸಾಲದು?

ಸೋಂಕು ತಗುಲಿದ ತಕ್ಷಣ ಟೆಸ್ಟ್‌ನಲ್ಲಿ ಕಾಣುವುದಿಲ್ಲ. ವೈರಸ್ ದೇಹದಲ್ಲಿ ಹೆಚ್ಚಲು ಕೆಲವು ದಿನ ಬೇಕು. 2020ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಸಂಶೋಧಕರು ಮಾಡಿದ ಅಂದಾಜಿನಂತೆ, ಸೋಂಕು ತಗುಲಿದ 4ನೇ ದಿನವೂ ಆರ್‌ಟಿ-ಪಿಸಿಆರ್ ತಪ್ಪಾಗಿ ನೆಗೆಟಿವ್ ತೋರಿಸುವ ಸಾಧ್ಯತೆ ಶೇ. 67. ಅದು ತೀರಾ ಕಡಿಮೆಯಾಗುವುದು 8ನೇ ದಿನ, ಆಗ ಶೇ. 20. ಅಂದರೆ ನೆಗೆಟಿವ್ ಎಂದರೆ “ಇವತ್ತು ಕಾಣಲಿಲ್ಲ” ಎಂದಷ್ಟೇ ಅರ್ಥ.

2021ರ ಡಿಸೆಂಬರ್ 1ರಿಂದ ಅಪಾಯದ ಪಟ್ಟಿಯಲ್ಲಿದ್ದ ದೇಶಗಳಿಂದ ಬಂದವರಿಗೆ ಇಳಿದ ಕೂಡಲೇ ಟೆಸ್ಟ್, 7 ದಿನ ಮನೆ ಕ್ವಾರಂಟೈನ್, 8ನೇ ದಿನ ಮತ್ತೆ ಟೆಸ್ಟ್ ಎಂದು ನಿಯಮ ಮಾಡಿದ್ದರ ಹಿಂದೆಯೂ ಇದೇ ಲೆಕ್ಕವಿದೆ.

ಬೆಂಗಳೂರಿನಲ್ಲೇ ಉದಾಹರಣೆ

2021ರ ಡಿಸೆಂಬರ್ 2ರಂದು ದೇಶದ ಮೊದಲ ಎರಡು ಓಮಿಕ್ರಾನ್ ಪ್ರಕರಣಗಳು ಪ್ರಕಟವಾದವು. ಎರಡೂ ಬೆಂಗಳೂರಿನವು. ಒಬ್ಬರು ದಕ್ಷಿಣ ಆಫ್ರಿಕಾದಿಂದ ನೆಗೆಟಿವ್ ರಿಪೋರ್ಟ್ ಹಿಡಿದೇ ಬಂದಿದ್ದರು. ಇಲ್ಲಿ ಟೆಸ್ಟ್ ಮಾಡಿದಾಗ ಪಾಸಿಟಿವ್. ಇನ್ನೊಬ್ಬರು ವೈದ್ಯರು, ವಿದೇಶಕ್ಕೆ ಹೋಗಿಯೇ ಇರಲಿಲ್ಲ. ಹಾಗಾಗಿ ಈ ನಿಯಮಗಳು ವೈರಸ್ಸನ್ನು ಪೂರ್ತಿ ತಡೆಯಲಾರವು. ಹರಡುವ ವೇಗ ತಗ್ಗಿಸಿ, ಆಸ್ಪತ್ರೆಗಳಿಗೆ ಸಮಯ ಕೊಡಬಲ್ಲವು.

ಮನೆಯಲ್ಲೇ ಇದ್ದರೆ ಸಾಲದೇ?

ಬೇರೆ ಕೋಣೆ, ಬೇರೆ ಶೌಚಾಲಯ ಇದ್ದರೆ ಸಾಕು. ವೈಟ್‌ಫೀಲ್ಡ್‌ನ ಪಿಜಿಯಲ್ಲಿ ಮೂವರು ಒಂದೇ ರೂಮಿನಲ್ಲಿದ್ದರೆ, ಪೀಣ್ಯದ ಕಾರ್ಮಿಕರು ಒಂದೇ ಕೋಣೆಯಲ್ಲಿ ಪಾಳಿ ಪ್ರಕಾರ ಮಲಗುತ್ತಿದ್ದರೆ ಅದು ಹೇಗೆ ಸಾಧ್ಯ? ಅಂಥವರಿಗೆ ಬೇರೆ ಜಾಗವೇ ಬೇಕು.

ಫಾರ್ವರ್ಡ್ ಮಾಡುವ ಮುನ್ನ

ಇವೆಲ್ಲ ಹಳೆಯ ನಿಯಮಗಳು. ವಿದೇಶದಿಂದ ಬರುವವರು ತುಂಬಬೇಕಿದ್ದ ಏರ್ ಸುವಿಧಾ ಫಾರ್ಮ್ ಕೂಡ 2022ರ ನವೆಂಬರ್ 22ರಿಂದ ನಿಂತಿತು. “ಏರ್‌ಪೋರ್ಟ್‌ನಲ್ಲಿ ಮತ್ತೆ ಕ್ವಾರಂಟೈನ್” ಎಂಬ ಸುತ್ತೋಲೆ ಬಂದರೆ ಮೊದಲು ಅದರ ದಿನಾಂಕ ನೋಡಿ. ದಿನಾಂಕವೇ ಇಲ್ಲದಿದ್ದರೆ ಆರೋಗ್ಯ ಇಲಾಖೆಯ ವೆಬ್‌ಸೈಟ್‌ನಲ್ಲಿ ಹುಡುಕಿ. ಅಲ್ಲೂ ಸಿಗದಿದ್ದರೆ ಮುಂದಕ್ಕೆ ಕಳಿಸಬೇಡಿ.