ತ್ರೈರಾಶಿಕದ ಹಳೆಯ ದಾರಿ

ಡಜನ್ ಬಾಳೆಹಣ್ಣಿಗೆ 50 ರೂಪಾಯಿಯಾದರೆ ಹದಿನೆಂಟಕ್ಕೆ ಎಷ್ಟು? ನಮ್ಮ ಮಕ್ಕಳು ಶಾಲೆಯಲ್ಲಿ ಕಲಿತಂತೆ ಮೊದಲು ಒಂದು ಹಣ್ಣಿನ ಬೆಲೆಯನ್ನು ಹುಡುಕುತ್ತಾರೆ. 50ನ್ನು 12ರಿಂದ ಭಾಗಿಸಿದರೆ 4.1666 ಎಂದು ಬಾಲ ಬೆಳೆಯುತ್ತಲೇ ಹೋಗುತ್ತದೆ. ಮಗು ಅಲ್ಲಿಯೇ ಪೆನ್ಸಿಲ್ ಕೆಳಗಿಡುತ್ತದೆ.

ಆರ್ಯಭಟನ ಕಾಲದಿಂದಲೂ ಇದಕ್ಕೆ ತ್ರೈರಾಶಿಕವೆಂಬ ದಾರಿಯುಂಟು. ಒಂಬತ್ತನೆಯ ಶತಮಾನದಲ್ಲಿ, ನೃಪತುಂಗನ ಆಳ್ವಿಕೆಯಲ್ಲಿ, ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ದಲ್ಲಿ ಇದನ್ನು ಸಂಸ್ಕೃತದಲ್ಲಿ ವಿವರಿಸಿದನು. ಹನ್ನೆರಡನೆಯ ಶತಮಾನದ ರಾಜಾದಿತ್ಯನಂತೂ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ ಬರೆದನು. ಲೆಕ್ಕಕ್ಕೆ ಕನ್ನಡ ಒಗ್ಗದೆನ್ನುವವರು ಇದನ್ನು ನೆನೆಯಬೇಕು.

ಮೊದಲ ಹೆಜ್ಜೆ, ಮೂರು ರಾಶಿಗಳನ್ನು ಸಾಲಾಗಿಡುವುದು: ಪ್ರಮಾಣ 12, ಫಲ 50, ಇಚ್ಛೆ 18. ಎರಡು ತುದಿಗಳಲ್ಲಿಯೂ ಒಂದೇ ಜಾತಿಯ ರಾಶಿ, ಇಲ್ಲಿ ಹಣ್ಣು; ನಡುವೆ ಹಣ. ಬಳಿಕ ಫಲವನ್ನು ಇಚ್ಛೆಯಿಂದ ಗುಣಿಸಿದರೆ 900. ಕೊನೆಗೆ ಪ್ರಮಾಣದಿಂದ ಭಾಗಿಸಿದರೆ 75 ರೂಪಾಯಿ. ಭಾಗಾಕಾರವನ್ನು ಕೊನೆಗೆ ಇರಿಸಿದ್ದರಿಂದ ನಡುವೆ ಭಿನ್ನರಾಶಿಯ ತೊಡಕೇ ಇಲ್ಲ.

ಆದರೂ ಬರಿಯ ಸೂತ್ರವನ್ನು ಬಾಯಿಪಾಠ ಮಾಡಿಸುವುದು ನಮಗೆ ಒಪ್ಪಿಗೆಯಿಲ್ಲ. ಆರು ಆಳುಗಳು ಹತ್ತು ದಿನಗಳಲ್ಲಿ ಮುಗಿಸುವ ಕೆಲಸಕ್ಕೆ ಹದಿನೈದು ಆಳುಗಳನ್ನಿಟ್ಟರೆ, ಅದೇ ಸೂತ್ರ 25 ದಿನ ಎನ್ನುತ್ತದೆ! ಆಳು ಹೆಚ್ಚಿದರೆ ದಿನ ತಗ್ಗಬೇಕಲ್ಲವೆ? ಹಿಂದಿನವರು ಇದನ್ನು ವ್ಯಸ್ತ ತ್ರೈರಾಶಿಕವೆಂದು ಬೇರೆಯಾಗಿಯೇ ಇರಿಸಿದ್ದರು: ಇಲ್ಲಿ ಪ್ರಮಾಣವನ್ನು ಫಲದಿಂದ ಗುಣಿಸಿ 60, ಇಚ್ಛೆಯಿಂದ ಭಾಗಿಸಿ 4 ದಿನ.