ಘಟ್ಟ ಹತ್ತಿದವರು, ಹೊರೆ ಹೊತ್ತವರು

ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯಲ್ಲಿ ಹೆಣ್ಣು ಕೊಡುವ ಮಾತು ಬಂದರೂ, ಅಡಿಕೆಯ ದರದ ಮಾತು ಬಂದರೂ ನಡುವೆ ಒಂದು ಪದ ನುಸುಳಿಯೇ ನುಸುಳುತ್ತದೆ: ‘ಘಟ್ಟದ ಮೇಲೆ’. ಮೇಲಿನವರು ಬೇರೆ, ಕೆಳಗಿನವರು ಬೇರೆ. ಊಟ ಬೇರೆ, ಮಾತಿನ ರಾಗ ಬೇರೆ, ಮಳೆಯೂ ಬೇರೆ. ಆದರೂ ಇವರಿಲ್ಲದೆ ಅವರಿಲ್ಲ. ಉಪ್ಪು ಮೇಲಕ್ಕೆ ಹೋಗಬೇಕು, ಮೆಣಸು ಕೆಳಕ್ಕೆ ಇಳಿಯಬೇಕು. ಹಾಗಾಗಿ ಈ ಸೀಮೆಯಲ್ಲಿ ಘಟ್ಟ ಹತ್ತಿ ಇಳಿಯುವುದು ಬದುಕಿನ ಭಾಗವೇ ಆಗಿತ್ತು.

ಈಗ ಶನಿವಾರ ಬಂತೆಂದರೆ ಬೆನ್ನಿಗೆ ಚೀಲ ಕಟ್ಟಿಕೊಂಡು, ಕಾಲಿಗೆ ಬೂಟು ಹಾಕಿಕೊಂಡು ಬೆಂಗಳೂರಿನಿಂದ ಯುವಕರ ತಂಡಗಳು ಇಲ್ಲಿಗೆ ಬರುತ್ತವೆ. ಅದಕ್ಕೆ ಚಾರಣ ಎಂಬ ಚಂದದ ಹೆಸರಿದೆ. ಹಳಬರಿಗೆ ಈ ಪದ ಗೊತ್ತಿರಲಿಲ್ಲ. ಅವರಿಗೆ ಗೊತ್ತಿದ್ದುದು ಒಂದು ಗಾದೆ: ‘ಸೊಕ್ಕಿದ್ದವ ಯಾಣಕ್ಕೆ ಹೋಗ್ತ, ರೊಕ್ಕಿದ್ದವ ಗೋಕರ್ಣಕ್ಕೆ ಹೋಗ್ತ’. ಕುಮಟಾ ತಾಲ್ಲೂಕಿನ ಯಾಣದ ಕಾಡಿನಲ್ಲಿ ನಿಂತಿರುವ ಎರಡು ಕರಿಬಂಡೆಗಳಲ್ಲಿ ಭೈರವೇಶ್ವರ ಶಿಖರ ಸುಮಾರು 120 ಮೀಟರ್ ಎತ್ತರವಿದೆ, ಮೋಹಿನಿ ಶಿಖರ 90 ಮೀಟರ್. ಈಗ ಬಂಡೆಯ ಹತ್ತಿರದವರೆಗೆ ವಾಹನ ಹೋಗುತ್ತದೆ. ಮೊದಲು ಉಂಬಳ ಕಚ್ಚಿಸಿಕೊಂಡು ಕಾಡುದಾರಿಯಲ್ಲಿ ನಡೆದೇ ಹೋಗಬೇಕಿತ್ತು. ಕೈಯಲ್ಲಿ ಕಾಸಿದ್ದವನಿಗೆ ಗೋಕರ್ಣ, ಮೈಯಲ್ಲಿ ಕಸುವಿದ್ದವನಿಗೆ ಯಾಣ. ಸುಮ್ಮನೆ ಬೆಟ್ಟ ಹತ್ತುವವನಿಗೆ ಸೊಕ್ಕಿರಬೇಕು ಎಂಬುದೇ ಊರಿನ ಅಭಿಪ್ರಾಯ!

ಹಾಗಾದರೆ ಈ ಘಟ್ಟವನ್ನು ಕಣ್ಣರಳಿಸಿ ನೋಡುತ್ತಾ ಹತ್ತಿ, ಅದನ್ನು ಬರೆದಿಟ್ಟವರು ಯಾರಾದರೂ ಇದ್ದಾರೆಯೇ? ಇದ್ದಾನೆ. ಸುಮಾರು ನಾಲ್ಕು ಶತಮಾನಗಳ ಹಿಂದೆ, 1623ರ ನವೆಂಬರ್‌ನಲ್ಲಿ, ಹೊನ್ನಾವರದಿಂದ ದೋಣಿಯೇರಿ ಗೇರುಸೊಪ್ಪಕ್ಕೆ ಬಂದು, ಅಲ್ಲಿಂದ ಘಟ್ಟ ಹತ್ತಿ ಇಕ್ಕೇರಿಗೆ ಹೋದ ಒಬ್ಬ ಇಟಲಿಯವ. ಹೆಸರು ಪಿಯೆತ್ರೊ ದೆಲ್ಲಾ ವಾಲೆ.

ಈತನ ಕಥೆಯೇ ಒಂದು ಕಾದಂಬರಿಯಂತಿದೆ. 1586ರಲ್ಲಿ ರೋಮ್ ನಗರದ ಶ್ರೀಮಂತ ಮನೆತನದಲ್ಲಿ ಹುಟ್ಟಿದವನು. 1614ರಲ್ಲಿ ವೆನಿಸ್‌ನಿಂದ ಹಡಗು ಹತ್ತಿ ತುರ್ಕಿ, ಈಜಿಪ್ಟ್, ಪರ್ಷಿಯಾಗಳನ್ನು ಸುತ್ತಿದ. ಬಾಗ್ದಾದಿನಲ್ಲಿ ಮಾನಿ ಎಂಬ ಕ್ರೈಸ್ತ ಕನ್ಯೆಯನ್ನು ಮದುವೆಯಾದ. 1621ರಲ್ಲಿ ಆಕೆ ಪರ್ಷಿಯಾದಲ್ಲಿ ತೀರಿಕೊಂಡಾಗ ದೇಹ ಕೆಡದಂತೆ ಔಷಧಿ ಹಾಕಿಸಿ ಪೆಟ್ಟಿಗೆಯಲ್ಲಿಟ್ಟು ತನ್ನೊಂದಿಗೆ ಭಾರತಕ್ಕೂ ತಂದ. ಕೊನೆಗೆ ಅದನ್ನು ರೋಮ್‌ಗೇ ಒಯ್ದು ಮಣ್ಣು ಮಾಡಿದ. ಇಂಥ ದುಃಖ ಹೊತ್ತುಕೊಂಡೇ ಆತ ಊರೂರು ನೋಡಿದ, ನೋಡಿದ್ದನ್ನೆಲ್ಲ ನೇಪಲ್ಸ್‌ನ ಗೆಳೆಯನಿಗೆ ಪತ್ರಗಳಲ್ಲಿ ಬರೆದ. ನಮ್ಮ ಘಟ್ಟದ ವರ್ಣನೆ ಇರುವುದು ಇಕ್ಕೇರಿಯಲ್ಲಿ ಕುಳಿತು ಬರೆದ, 1623ರ ನವೆಂಬರ್ 22ರ ತಾರೀಖಿನ ಪತ್ರದಲ್ಲಿ.

ಅವನು ಇಲ್ಲಿಗೆ ಬಂದದ್ದಾದರೂ ಏಕೆ? ಆಗ ಹೊನ್ನಾವರದ ಕೋಟೆ ಪೋರ್ಚುಗೀಸರ ಕೈಯಲ್ಲಿತ್ತು. ಗೋವೆಯ ಪೋರ್ಚುಗೀಸರು ಇಕ್ಕೇರಿಯ ವೆಂಕಟಪ್ಪ ನಾಯಕನ ಬಳಿಗೆ ಒಬ್ಬ ರಾಯಭಾರಿಯನ್ನು ಕಳಿಸಿದರು. ಕಾಳುಮೆಣಸಿನ ವ್ಯಾಪಾರ, ಮಂಗಳೂರು ಕಡೆಯ ಬಂಗ ಅರಸನ ತಗಾದೆ, ಎರಡೂ ಬಗೆಹರಿಯಬೇಕಿತ್ತು. ವೆಂಕಟಪ್ಪ ನಾಯಕನ ಪರವಾಗಿ ಗೋವೆಗೆ ಹೋಗಿದ್ದ ವಿಠ್ಠಲ ಶೆಣೈ ಎಂಬವರೂ ಅದೇ ತಂಡದಲ್ಲಿ ಹಿಂದಿರುಗುತ್ತಿದ್ದರು. ದೆಲ್ಲಾ ವಾಲೆಗೆ ಇದರಲ್ಲಿ ಯಾವ ಕೆಲಸವೂ ಇರಲಿಲ್ಲ. ಊರು ನೋಡುವ ಆಸೆಯಿಂದ ತಂಡದ ಜೊತೆಗೆ ಸೇರಿಕೊಂಡ. ಆ ಅರ್ಥದಲ್ಲಿ ಗೇರುಸೊಪ್ಪ ಘಟ್ಟದ ಮೊದಲ ಚಾರಣಿಗ ಎಂದು ಅವನನ್ನು ಕರೆದರೆ ತಪ್ಪಾಗಲಾರದು.

ಇಲ್ಲೊಂದು ವಿಷಯವನ್ನು ಓದುಗರು ಗಮನಿಸಬೇಕು. ಪೋರ್ಚುಗೀಸರಿಗೆ ಬೇಕಾಗಿದ್ದ ಮೆಣಸು ಬೆಳೆಯುತ್ತಿದ್ದುದು ಘಟ್ಟದ ಮಗ್ಗುಲಿನ ತೋಟಗಳಲ್ಲಿ. ಅದರ ಒಡೆಯ ಇದ್ದದ್ದು ಘಟ್ಟದ ಮೇಲೆ. ಕೊಳ್ಳುವವನ ಹಡಗು ನಿಂತಿದ್ದುದು ಕೆಳಗೆ. ಕಡಲಿನಲ್ಲಿ ಎಷ್ಟೇ ತೋಪುಗಳಿದ್ದರೂ ಮೆಣಸಿನ ಮಾತು ಮುಗಿಯಬೇಕಾದರೆ ಗುಡ್ಡ ಹತ್ತಲೇಬೇಕಿತ್ತು. ಪೋರ್ಚುಗೀಸರು ಈ ಕರಾವಳಿಯ ಬಂದರುಗಳನ್ನು ಸುಟ್ಟರು, ಹಿಡಿದರು. ಘಟ್ಟವನ್ನು ಮಾತ್ರ ಹಿಡಿಯಲಾಗಲಿಲ್ಲ.

ಹೊನ್ನಾವರದಿಂದ ಗೇರುಸೊಪ್ಪಕ್ಕೆ ಸುಮಾರು 30 ಕಿಲೋಮೀಟರ್. ಉಬ್ಬರದ ನೀರು ಅಲ್ಲಿಯವರೆಗೂ ಏರುತ್ತಿದ್ದುದರಿಂದ ದೋಣಿಗಳು ಸಲೀಸಾಗಿ ಹೋಗುತ್ತಿದ್ದವು. ಶರಾವತಿಯ ಈ ಹಾದಿಯನ್ನು ದೆಲ್ಲಾ ವಾಲೆ ಬಾಯ್ತುಂಬ ಹೊಗಳಿದ್ದಾನೆ. ಆದರೆ ದೋಣಿ ಇಳಿದಾಗ ಅವನಿಗೆ ಕಂಡದ್ದು ಹಾಳುಬಿದ್ದ ಊರು. ಒಂದು ಕಾಲದ ರಾಜಧಾನಿಯ ಮೇಲೆ ಮರಗಳು ಬೆಳೆದಿದ್ದವು, ಕೆಲವು ಬಡವರ ಗುಡಿಸಲುಗಳಷ್ಟೇ ಉಳಿದಿದ್ದವು. ಪೋರ್ಚುಗೀಸರು ‘ಕಾಳುಮೆಣಸಿನ ರಾಣಿ’ ಎಂದು ಕರೆದ ಜೈನ ರಾಣಿ ಚೆನ್ನಭೈರಾದೇವಿಯ ಗೇರುಸೊಪ್ಪ ಅದು. ಹದಿನೇಳನೆಯ ಶತಮಾನದ ಆರಂಭದಲ್ಲಿ ಇಕ್ಕೇರಿಯವರು ಅದನ್ನು ಗೆದ್ದುಕೊಂಡರು. ರಾಣಿಯೊಬ್ಬಳು ಪರಸ್ಥಳದ ಒಬ್ಬನನ್ನು ಮೆಚ್ಚಿ ರಾಜ್ಯ ಕಳೆದುಕೊಂಡಳೆಂಬ ಕಥೆಯನ್ನೂ ಆತ ಬರೆದಿದ್ದಾನೆ. ಅದು ಕೇಳಿದ ಕಥೆ, ಅದೂ ಗೆದ್ದವರ ಜೊತೆ ಪ್ರಯಾಣ ಮಾಡುತ್ತಾ ಕೇಳಿದ್ದು. ಸೋತವಳು ಹೆಂಗಸಾದರೆ ಜನ ಇಂಥ ಕಥೆ ಕಟ್ಟುವುದು ಹೊಸದೇನಲ್ಲ. ನದಿಯ ಆಚೆ ದಡದ ನಗರಬಸ್ತಿಕೇರಿಯ ಕಾಡಿನಲ್ಲಿ ಇಂದಿಗೂ ನಿಂತಿರುವ ಚತುರ್ಮುಖ ಬಸದಿಯನ್ನು ನೋಡಿದವರಿಗೆ ಆ ರಾಜ್ಯದ ಸಿರಿ ಎಂಥದ್ದಿತ್ತೆಂದು ಬೇರೆ ಹೇಳಬೇಕಾಗಿಲ್ಲ.

ಅಲ್ಲಿಂದ ಏರು. ಎತ್ತರದ ಲೆಕ್ಕ ಹಿಡಿದರೆ ಇಲ್ಲಿನ ಘಟ್ಟ ದೊಡ್ಡದಲ್ಲ. ಕುದುರೆಮುಖ 1,894 ಮೀಟರ್ ಇದ್ದರೆ ಇಲ್ಲಿ ಮೇಲಿನ ಬಯಲು ಸುಮಾರು 600 ಮೀಟರ್ ಮಾತ್ರ. ಘಟ್ಟ ತಗ್ಗಾಗಿರುವುದಕ್ಕೇ ಅದರ ಕೆಳಗೆ ಸಾಲಾಗಿ ಬಂದರುಗಳು ಬೆಳೆದವು. ಆದರೆ ಕಡಿದಾದ ಕಣಿವೆ, ದಟ್ಟ ಕಾಡು, ಜಾರುವ ಕೆಂಪು ಮಣ್ಣು ಸೇರಿ ಆ 600 ಮೀಟರನ್ನೇ ದುರ್ಗಮ ಮಾಡಿವೆ. ಸಾಗರದ ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತು ತಿರುವುಗಳನ್ನು ಎಣಿಸುತ್ತಾ ತಲೆ ಸುತ್ತಿಸಿಕೊಂಡವರಿಗೆ ಇದು ಗೊತ್ತು. ಇಟಲಿಯ ಪ್ರವಾಸಿಗೆ ಈ ಘಟ್ಟ ತನ್ನ ನಾಡಿನ ಅಪೆನ್ನೈನ್ ಪರ್ವತಗಳನ್ನು ನೆನಪಿಸಿತು.

ಘಟ್ಟದ ನೆತ್ತಿಯಲ್ಲಿ ಒಂದು ಹನುಮಂತನ ಗುಡಿ. ಅಲ್ಲಿ ತಂಡ ತಂಗಿತು. ಸಾಮಾನು ಸರಂಜಾಮುಗಳ ಹೊರೆ ಅಣಿಯಾಗುವವರೆಗೆ ಕಾಯಬೇಕಾಯಿತು. ಬೇರೆ ಯಾರಾದರೂ ಆಗಿದ್ದರೆ ಗೊಣಗುತ್ತಾ ಕೂರುತ್ತಿದ್ದರು. ಈತ ಗುಡಿಯ ಜಗಲಿಯಲ್ಲಿ ಲೆಕ್ಕ ಕಲಿಯುತ್ತಿದ್ದ ನಾಲ್ವರು ಹುಡುಗರನ್ನು ನೋಡುತ್ತಾ ಕುಳಿತ. ನೆಲದ ಮೇಲೆ ನುಣ್ಣನೆಯ ಮರಳು ಹರಡಿದೆ. ಒಬ್ಬ ಹುಡುಗ ಪಾಠದ ಸಾಲನ್ನು ರಾಗವಾಗಿ ಹೇಳುತ್ತಾ ಬೆರಳಿನಿಂದ ಮರಳಿನ ಮೇಲೆ ಬರೆಯುತ್ತಾನೆ. ಉಳಿದ ಮೂವರು ಅದನ್ನೇ ಹೇಳುತ್ತಾ ಅದನ್ನೇ ಬರೆಯುತ್ತಾರೆ. ನೆಲ ತುಂಬಿತೋ, ಅಳಿಸಿ ಮತ್ತೆ ಮರಳು ಚೆಲ್ಲಿಕೊಳ್ಳುತ್ತಾರೆ. ಕಾಗದದ ಖರ್ಚಿಲ್ಲ, ಎದುರಿಗೆ ಗುರುವೂ ಇಲ್ಲ. ತಪ್ಪಿದರೆ ತಿದ್ದುವವರು ಯಾರು ಎಂದು ಈತ ಕೇಳಿದ. ನಾಲ್ವರೂ ಒಂದೇ ಕಡೆ ತಪ್ಪುವುದಕ್ಕೆ ಸಾಧ್ಯವಿಲ್ಲವಲ್ಲ, ಒಬ್ಬ ತಪ್ಪಿದರೆ ಇನ್ನೊಬ್ಬ ತಿದ್ದುತ್ತಾನೆ ಎಂಬ ಅರ್ಥದ ಉತ್ತರ ಬಂತು. ಕಲಿಕೆಯ ಈ ಸುಲಭ ದಾರಿಗೆ ಆತ ಮನಸೋತ.

ನಮ್ಮ ಹಳೆಯ ಶಾಲೆಗಳ ಬಗ್ಗೆ ಬರೆಯುವವರು ಈ ಪ್ರಸಂಗವನ್ನು ಮತ್ತೆ ಮತ್ತೆ ಎತ್ತಿ ಹೇಳುತ್ತಾರೆ. ಆದರೆ ಅದು ನಡೆದದ್ದು ಘಟ್ಟದ ನೆತ್ತಿಯಲ್ಲಿ, ಅದೂ ಹೊರೆಯವರಿಗಾಗಿ ಕಾಯುತ್ತಿದ್ದ ಹೊತ್ತಿನಲ್ಲಿ ಎಂಬುದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ರಾಯಭಾರಿಯ ಹೆಸರು ನಮಗೆ ಸಿಗುತ್ತದೆ, ಶೆಣೈಯವರ ಹೆಸರು ಸಿಗುತ್ತದೆ, ಗುಡಿಯ ದೇವರ ಹೆಸರೂ ಸಿಗುತ್ತದೆ. ಆ ಪೆಟ್ಟಿಗೆಗಳನ್ನು ತಲೆ ಮೇಲೆ ಹೊತ್ತು ಗೇರುಸೊಪ್ಪದಿಂದ ಮೇಲಕ್ಕೆ ತಂದವರು ಯಾವ ಊರಿನವರು, ಅವರ ಕೂಲಿ ಏನು? ಪತ್ರದಲ್ಲಿ ಅವರು ಬರೀ ‘ಹೊರೆ’ಯಾಗಿ ಉಳಿದಿದ್ದಾರೆ.

ಗೇರುಸೊಪ್ಪ ಘಟ್ಟದ ಮಾತು ಇದಾದರೆ, ಉಳಿದ ಎರಡು ಬಂದರುಗಳ ಮಾತೂ ಹೀಗೆಯೇ. ಭಟ್ಕಳ ವಿಜಯನಗರದ ಕಾಲದ ದೊಡ್ಡ ಬಂದರು. ಅರಬ್ಬೀ ಸಮುದ್ರದಾಚೆಯಿಂದ ಬಂದ ಕುದುರೆಗಳು ಇಲ್ಲಿಂದ ಘಟ್ಟ ಹತ್ತಿ ರಾಯರ ಸೈನ್ಯಕ್ಕೆ ಸೇರುತ್ತಿದ್ದವು. ಮೇಲಿನಿಂದ ಸಕ್ಕರೆ, ಕಬ್ಬಿಣ ಇಳಿಯುತ್ತಿದ್ದವು. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ ಬಂದ ಪೋರ್ಚುಗೀಸ್ ವರ್ತಕ ದೊಮಿಂಗೊ ಪಾಯೆಸ್, ವರ್ಷಕ್ಕೆ ಐದಾರು ಸಾವಿರ ಹೇರೆತ್ತುಗಳು ಭಟ್ಕಳಕ್ಕೆ ಬರುತ್ತವೆ ಎಂದು ಬರೆದ. ದಾರಿ ಸಮತಟ್ಟಾಗಿದೆ ಎಂದೂ ಸೇರಿಸಿದ! ಭಟ್ಕಳದಿಂದ ಕೋಗಾರು ಘಟ್ಟ ಹತ್ತಿದವರು ಇದನ್ನು ಓದಿದರೆ ನಕ್ಕಾರು. ದಾರಿಯ ಪಕ್ಕದಲ್ಲೇ ಹಳ್ಳಗಳು ಹರಿಯುತ್ತವೆ, ಅದಕ್ಕೇ ಇಷ್ಟೊಂದು ಸರಕು ಬರುತ್ತದೆ ಎಂಬ ಅವನ ಮಾತು ಮಾತ್ರ ನೂರಕ್ಕೆ ನೂರು ನಿಜ. ಎತ್ತಿಗೆ ನೀರು ಸಿಗದ ದಾರಿ ದಾರಿಯಲ್ಲ. ಘಟ್ಟದ ಹಾದಿಗಳನ್ನು ಯಾರೂ ನಕ್ಷೆ ಬರೆದು ಮಾಡಿದ್ದಲ್ಲ, ಎತ್ತುಗಳು ಹಳ್ಳ ಹುಡುಕಿಕೊಂಡು ನಡೆದು ನಡೆದು ಸವೆಸಿದ್ದು. ಕರಾವಳಿಯ ಹಳೆಯ ಹಾದಿಗಳ ಪಕ್ಕದಲ್ಲಿ ಆಳೆತ್ತರದ ಹೊರೆಗಲ್ಲುಗಳು ಸಿಗುವುದುಂಟು. ತಲೆಹೊರೆಯವನು ಒಂಟಿಯಾಗಿದ್ದರೂ ಬೇರೆಯವರ ಕೈ ಬೇಡದೆ ಅದರ ಮೇಲೆ ಹೊರೆ ಇಳಿಸಿ, ಉಸಿರು ಬಿಟ್ಟು, ಮತ್ತೆ ಹೊತ್ತುಕೊಳ್ಳಬಹುದಿತ್ತು.

ಕುಮಟೆಯ ಕಥೆಯಲ್ಲಿ ಮೆಣಸಿನ ಜಾಗಕ್ಕೆ ಹತ್ತಿ ಬಂತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಂದ ಹತ್ತಿ ಬರುವುದು ನಿಂತಿತು. ಅವರ ಕಣ್ಣು ಧಾರವಾಡದ ಕಡೆ ತಿರುಗಿತು. ಆ ಹತ್ತಿ ಘಟ್ಟ ಇಳಿದು ಕುಮಟೆಯ ಬಂದರಿನಿಂದ ಹೋಗುತ್ತಿದ್ದುದರಿಂದ ವಿಲಾಯಿತಿಯ ಮಾರುಕಟ್ಟೆಯಲ್ಲಿ ಅದರ ಹೆಸರೇ ‘ಕುಂಪ್ಟಾ’ ಆಯಿತು. ಹತ್ತಿಯ ಒಂದು ಗಿಡವೂ ಬೆಳೆಯದ ಊರಿನ ಹೆಸರು ಹತ್ತಿಯ ತಳಿಗೆ ಅಂಟಿಕೊಂಡಿತು! 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಕಿತ್ತು ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆಯೂ ಈ ಹತ್ತಿಯ ದಾರಿಯ ಚಿಂತೆಯೇ ಇತ್ತು. ಗಾಡಿರಸ್ತೆಗಳಾದವು, ಹೇರೆತ್ತಿನ ಕಾಲ ಮುಗಿಯುತ್ತಾ ಬಂತು.

ರೈಲಿನ ಸಂಗತಿಯಂತೂ ತಮಾಷೆಯಾಗಿದೆ. ಮೇಲಿನಿಂದ ಬಂದ ಹಳಿ ತಾಳಗುಪ್ಪಕ್ಕೆ ಬಂದು ನಿಂತುಬಿಟ್ಟಿದೆ. 1998ರಲ್ಲಿ ಪೂರ್ತಿಯಾದ ಕೊಂಕಣ ರೈಲು ಕೆಳಗೆ ಕಡಲಿನ ಪಕ್ಕದಲ್ಲೇ ಓಡುತ್ತದೆ. ನಡುವಿನ ಘಟ್ಟವನ್ನು ಇಲ್ಲಿ ಇಳಿದ ರೈಲಿಲ್ಲ.

ಹೊರೆಯ ಕಾಲ ಮಾತ್ರ ಎಲ್ಲ ಕಡೆ ಒಟ್ಟಿಗೆ ಮುಗಿಯಲಿಲ್ಲ. ಕುಮಟಾ ತಾಲ್ಲೂಕಿನಲ್ಲಿ ಘಟ್ಟದ ಮೇಲೆ ಮೇದಿನಿ ಎಂಬ ಊರಿದೆ. ಹಳೆಯ ಕೋಟೆಯ ಗುರುತುಗಳಿರುವ ಊರು. ಅಲ್ಲಿನ ಪರಿಮಳದ ಸಣ್ಣಕ್ಕಿಯ ಹೆಸರು ಕರಾವಳಿಯಲ್ಲೆಲ್ಲ ಗೊತ್ತು. ಚಾರಣಿಗರು ಹುಡುಕಿಕೊಂಡು ಹೋಗುವ ಜಾಗವೂ ಹೌದು. ಸರಿಯಾದ ರಸ್ತೆ ಬೇಕೆಂದು ಊರಿನವರು ಅರ್ಜಿ ಕೊಡುತ್ತಲೇ ಇದ್ದ ವರ್ಷಗಳಲ್ಲಿ, ಅಲ್ಲಿಂದ ರೋಗಿಗಳನ್ನು ಕಂಬಳಿಯ ಜೋಲಿಯಲ್ಲಿ ಹೊತ್ತು ತಂದ ಸುದ್ದಿ ಪತ್ರಿಕೆಗಳಲ್ಲಿ ಹಲವು ಸಲ ಬಂದಿತ್ತು. ಸುದ್ದಿಯಲ್ಲಿ ರೋಗಿಯ ವಯಸ್ಸಿರುತ್ತಿತ್ತು, ಆಸ್ಪತ್ರೆಯಿರುತ್ತಿತ್ತು, ಅಧಿಕಾರಿಗಳ ಭರವಸೆಯೂ ಇರುತ್ತಿತ್ತು. ಬಿದಿರಿಗೆ ಹೆಗಲು ಕೊಟ್ಟು ಗುಡ್ಡ ಇಳಿದವರನ್ನು ನಾವು ವರದಿಗಾರರೂ ‘ಗ್ರಾಮಸ್ಥರು’ ಎಂದಷ್ಟೇ ಬರೆದೆವು.